ಒಳಗೆ ಬಿಟ್ಟ ಬಟ್ಟೆ

ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ನಮ್ಮ ಮನೆಗೆ ಬಂದಿರಲಿಲ್ಲ. ಬಂದಿದ್ದರೆ ನಾಲ್ಕು ಜಡೆ ಎಣಿಸಿಕೊಂಡು ಹೋಗುತ್ತಿದ್ದ. ನನ್ನದೊಂದು, ನನ್ನ ಗೆಳತಿಯದೊಂದು, ಅವಳ ಮಗಳದೊಂದು. ನಾಲ್ಕನೆಯದು ನನ್ನ ಅತ್ತೆಯದು. ತಲೆಯಲ್ಲಿ ಹಿಡಿ ಕೂದಲು ಉಳಿಯದಿದ್ದರೂ ಅವರು ಹಟಕ್ಕೆ ದಿನಾ ಹೆಣೆದುಕೊಳ್ಳುತ್ತಿದ್ದರು. ಎಂಟು ವರ್ಷ ಒಂದೇ ಒಲೆ, ಒಂದೇ ಬಾಡಿಗೆ, ಒಂದೇ ಬಚ್ಚಲಲ್ಲಿ ಬದುಕಿದೆವು.

ನಾನು ಬಟ್ಟೆ ಹೊಲಿಯುವವಳು. ಗೆಳತಿ ಬಸ್ ಕಂಡಕ್ಟರು. ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ನನ್ನ ಗಂಡ ತೀರಿಕೊಂಡ ವರ್ಷವೇ ಅವಳ ಗಂಡ ಇನ್ನೊಬ್ಬಳ ಜೊತೆ ಹೋದ. ಆಗ ಅವಳು ನನ್ನ ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತು ಕೇಳಿದ್ದಳು: "ನಿನ್ನ ಗಂಡ ಸತ್ತ, ನನ್ನ ಗಂಡ ಬದುಕಿದ್ದೂ ಸತ್ತ. ಇಬ್ರೂ ಸೇರಿ ಒಂದು ಮನೆ ಮಾಡೋಣ್ವಾ?"

"ನನ್ನ ಜೊತೆ ಅತ್ತೆ ಇದ್ದಾರಲ್ಲೇ."

"ನನ್ನ ಜೊತೆ ಮಗಳಿದ್ದಾಳೆ. ಸರಿಗೆ ಸರಿ ಆಯ್ತು ಬಿಡು."

ಹಾಗೆ ಆದ ಮನೆ ಅದು. ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯ ಕಿಟಕಿಗೆ ನನ್ನ ಮಿಷನ್ನು. ಹುಡುಗಿಗೆ ಆಗ ಐದು ವರ್ಷ. ಆಕಾರ ಇಷ್ಟೇ ಇಷ್ಟು, ಮಾತು ಮಾತ್ರ ಖಾರ. ಅದಕ್ಕೇ ಅತ್ತೆ ಅವಳಿಗೆ ಮೆಣಸು ಎಂದು ಹೆಸರಿಟ್ಟರು. ನನ್ನನ್ನು ಅವಳು ಚಿಕ್ಕಿ ಎನ್ನುತ್ತಿದ್ದಳು. ನನಗೆ ಮಕ್ಕಳಾಗಲಿಲ್ಲ. ಆ ಒಂದು ಕರೆಗೆ ನಾನು ಹೊಲಿಯುತ್ತಿದ್ದುದನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದೆ. ಸುಳ್ಳೇಕೆ ಹೇಳಲಿ.

ಊಟದ ಹೊತ್ತಿಗೆ ಕಂಡಕ್ಟರು ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. "ಮುಂದೆ ಬನ್ನಿ, ಮುಂದೆ ಬನ್ನಿ! ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಇದೆ!" ನಾವು ಮೂವರೂ ತಟ್ಟೆ ಹಿಡಿದು ಸಾಲಾಗಿ ಹೋಗುತ್ತಿದ್ದೆವು. ಅತ್ತೆಯದು ಬೇರೆಯದೇ ಪಾಠ. ಯಾರು ಎದುರಿಗೆ ಬಂದರೂ, "ಇಳಿದೋಗಿದ್ದೀಯ ಕಣೇ!" ಕೆಳಗಿನ ಮನೆ ಒಡತಿ ನಮ್ಮ ಬಾಗಿಲಲ್ಲಿ ಓರೆಯಾಗದೆ ಒಳಗೆ ಬರಲಾರದ ಹೆಂಗಸು. ಅವಳಿಗೂ ಅದೇ ಮಾತು. ಅವಳು ಹಿಗ್ಗಿ ಆ ವರ್ಷ ಬಾಡಿಗೆ ಏರಿಸಲಿಲ್ಲ. ಹೀಗಾಗಿ ಅತ್ತೆಯ ಆ ಮಾತನ್ನು ನಾವ್ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನನ್ನ ಕೆಲಸದಲ್ಲಿ ಎರಡು ನೇಮ. ಮೊದಲನೆಯದು, ಬಂದ ಪ್ರತಿಯೊಬ್ಬರಿಗೂ ಅಳತೆ ಪುಸ್ತಕದಲ್ಲಿ ಒಂದು ಪುಟ. ಎದೆ, ಸೊಂಟ, ಉದ್ದ, ಪಕ್ಕದಲ್ಲಿ ತಾರೀಖು. ಎರಡನೆಯದು, ಮಕ್ಕಳ ಬಟ್ಟೆಯಲ್ಲಿ ಹೆಚ್ಚಾದದ್ದನ್ನು ಕತ್ತರಿಸುವುದಿಲ್ಲ, ಒಳಗೆ ಮಡಚಿ ಬಿಡುತ್ತೇನೆ. ಮಕ್ಕಳು ಬೆಳೆಯುತ್ತವೆ, ಮಡಿಕೆ ಬಿಚ್ಚಿದರೆ ಇನ್ನೊಂದು ವರ್ಷ ಬರುತ್ತದೆ. ಮೆಣಸಿನ ಪುಟ ಐದನೇ ವಯಸ್ಸಿನಿಂದ ಇತ್ತು. ಸಂಖ್ಯೆಗಳು ಮೇಲೆ ಮೇಲೆ ಹೋಗುವುದನ್ನು ನೋಡುವುದೇ ನನಗೊಂದು ಹಬ್ಬವಾಗಿತ್ತು.

ಅವಳಿಗೆ ಹದಿಮೂರು ತುಂಬಿದ ವರ್ಷ. ಶಾಲೆ ಶುರುವಾದಾಗ ನೀಲಿ ಸ್ಕರ್ಟು ಹೊಸದಾಗಿ ಹೊಲಿದೆ. ಸೊಂಟ ಇಪ್ಪತ್ತೈದು. ಮೂರು ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ ಸ್ಕರ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು.

"ಚಿಕ್ಕಿ, ಇದು ಜಾರುತ್ತೆ. ಸ್ವಲ್ಪ ಹಿಡಿದುಕೊಡು."

ಟೇಪು ಸುತ್ತಿದೆ. ಇಪ್ಪತ್ನಾಲ್ಕು. "ಊಟ ಮಾಡ್ತೀಯೋ ಇಲ್ಲ ಡಬ್ಬಿ ಗೆಳತೀರಿಗೆ ಹಂಚ್ತೀಯೋ?"

"ಮಾಡ್ತೀನಿ. ಓಟದ ಪ್ರಾಕ್ಟೀಸಲ್ವಾ, ಅದಕ್ಕೆ. ನನ್ನನ್ನ ತಂಡಕ್ಕೆ ತಗೊಂಡಿದ್ದಾರೆ."

"ಹೌದಾ? ಅಮ್ಮಂಗೆ ಹೇಳಿದ್ಯಾ?"

"ತಂಡದ್ದು ಹೇಳಿದ್ದೀನಿ. ಸ್ಕರ್ಟಿಂದು ಹೇಳ್ಬೇಡ, ಪ್ಲೀಸ್. ಇಳಿದೋದೆ ಅಂತ ಗೊತ್ತಾದ್ರೆ ಓಟ ಬಿಡಿಸ್ತಾಳೆ. ನಿನಗೆ ಗೊತ್ತಲ್ಲ ಅವಳ ವಿಷಯ."

ಗೊತ್ತಿತ್ತು. ಒಂದು ಸೀನಿಗೆ ಒಂದು ವಾರ ತಣ್ಣೀರು ಮುಟ್ಟಿಸದ ತಾಯಿ ಅವಳು. ನಾನು ಸೊಂಟದ ಪಟ್ಟಿ ಬಿಚ್ಚಿ, ಹಿಂದೆ ಒಂದು ಮಡಿಕೆ ಒಳಗೆ ತೆಗೆದುಕೊಂಡು ಹೊಲಿದುಕೊಟ್ಟೆ. ಮೆಣಸು ನನ್ನ ಕೆನ್ನೆಗೆ ಮುತ್ತು ಕೊಟ್ಟು, "ನೀನು ಬಂಗಾರ" ಎಂದಳು. ಅವಳಮ್ಮನಿಗೆ ಹೇಳದ ಮಾತನ್ನು ನನಗೆ ಹೇಳಿದ್ದಾಳೆ ಎಂದು ಆ ದಿನವೆಲ್ಲ ನಾನು ಸುಮ್ಮಸುಮ್ಮನೆ ನಗುತ್ತಿದ್ದೆ.

ಆ ತಿಂಗಳು ಡಿಪೋದಲ್ಲಿ ಆಳು ಕಡಿಮೆ ಎಂದು ಕಂಡಕ್ಟರಿಗೆ ಡಬಲ್ ಡ್ಯೂಟಿ. ನಸುಕಿಗೆ ಹೋದರೆ ಬರುವಾಗ ಎಂಟು. ಅಷ್ಟರಲ್ಲಿ ಹುಡುಗಿ ಪುಸ್ತಕದ ಮೇಲೆ ತೂಕಡಿಸುತ್ತಿದ್ದಳು.

"ಇವಳಿಗ್ಯಾಕೆ ಇಷ್ಟು ನಿದ್ದೆ?" ಎಂದು ಗೆಳತಿ ಕೇಳುತ್ತಿದ್ದಳು.

"ಓಡಿ ಬಂದಿರ್ತಾಳೆ, ಸುಸ್ತು" ಎಂದು ನಾನೇ ಹೇಳುತ್ತಿದ್ದೆ.

ಇನ್ನೊಂದು ಜಗಳ ನೀರಿನದು. ಅಡುಗೆಮನೆಯ ನೀರಿನ ಬಿಂದಿಗೆಗೆ ಅತ್ತೆ ಒಡತಿ. ಕಂಡಕ್ಟರಿಗೆ ವಾರದ ರಜೆಯಿದ್ದ ಒಂದು ಬೆಳಿಗ್ಗೆ ಅದನ್ನು ಬೋರಲು ಹಾಕಿ ತೋರಿಸಿದರು.

"ನಿನ್ನೆ ತುಂಬಿಸಿದ್ದೆ. ಒಂದು ತೊಟ್ಟು ಇಲ್ಲ ನೋಡಿ. ಮನೇಲಿ ಎಮ್ಮೆ ಕಟ್ಟಿದ್ದೀರಾ?"

"ನಾನೇ ಕುಡಿದೆ ಅಜ್ಜಿ. ಬಾಯಾರುತ್ತೆ."

"ಇಷ್ಟೊಂದಾ? ಬಾ ಇಲ್ಲಿ. ಇಳಿದೋಗಿದ್ದೀಯ ಕಣೇ, ಕತ್ತಿನ ಮೂಳೆ ಕಾಣುತ್ತೆ. ಏ ಟೈಲರಮ್ಮ, ನೋಡೇ ಇವಳನ್ನ."

"ಅತ್ತೆ, ನೀವು ಕೆಳಗಿನ ಮನೆಯೋರಿಗೂ ಹಾಗೇ ಅಂತೀರ" ಎಂದೆ. ಮೂವರೂ ನಕ್ಕೆವು. ಅತ್ತೆ ಮಾತ್ರ ನಗಲಿಲ್ಲ. ಬಿಂದಿಗೆ ತುಂಬಿಸಲು ನಲ್ಲಿಯ ಹತ್ತಿರ ಹೋದರು.

ಎರಡನೇ ಸಲ ಅವಳು ಸ್ಕರ್ಟು ತಂದಾಗ ಇಪ್ಪತ್ತೆರಡೂವರೆ. ಆಗ ನನ್ನ ಕೈ ನಿಂತಿತು. "ಇದು ಸರಿಯಿಲ್ಲ ಮೆಣಸು. ಅಮ್ಮಂಗೆ ಹೇಳ್ಳೇಬೇಕು" ಎಂದೆ.

"ಓಟ ಇನ್ನ ಹದಿನೈದು ದಿನಕ್ಕಿದೆ ಚಿಕ್ಕಿ. ಮುಗಿದ ಮೇಲೆ ನಾನೇ ಹೇಳ್ತೀನಿ. ನೀನು ಹೇಳಿದ್ರೆ ನಾನಿನ್ನ ನಿನಗೆ ಏನೂ ಹೇಳಲ್ಲ, ನೋಡು."

ಆ ಕೊನೆಯ ಮಾತಿಗೆ ನಾನು ಬಿದ್ದೆ. ಮಡಿಕೆ ತೆಗೆದೆ, ಹೊಲಿದೆ. ಪುಸ್ತಕದಲ್ಲಿ ತಾರೀಖು ಹಾಕಿ ಬರೆದೆ. ಬರೆಯುವುದು ಕೈಗೆ ಅಂಟಿದ ಚಾಳಿ. ಮೂರನೇ ಸಲ ಬಂದಾಗ ಇಪ್ಪತ್ತೊಂದು. ಓಟಕ್ಕೆ ಐದೇ ದಿನ. ಹುಡುಗಿ ನಿಂತಲ್ಲೇ ಗೋಡೆಗೆ ಒರಗಿಕೊಂಡಿದ್ದಳು, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಹಲ್ಲುಜ್ಜಿಲ್ಲವೇನೇ ಎಂದು ಗದರಿಸಿದೆ. ಗದರಿಸಿದ್ದು ಅಷ್ಟಕ್ಕೇ. ಐದು ದಿನ ತಾನೆ ಎಂದು ಲೆಕ್ಕ ಹಾಕಿ ಅದನ್ನೂ ಹೊಲಿದೆ.

ಎರಡು ದಿನಕ್ಕೆ, ಬೆಳಿಗ್ಗೆ ಹತ್ತೂವರೆಗೆ ಶಾಲೆಯಿಂದ ಫೋನು ಬಂತು. ಮೈದಾನದಲ್ಲಿ ಬಿದ್ದಿದ್ದಾಳೆ, ಎಬ್ಬಿಸಿದರೂ ಏಳುತ್ತಿಲ್ಲ.

ಕಂಡಕ್ಟರು ನಡುದಾರಿಯಲ್ಲಿ ಬಸ್ಸು ಇಳಿದು, ಟಿಕೆಟ್ ಬ್ಯಾಗು ಹೆಗಲಲ್ಲಿ ನೇತುಹಾಕಿಕೊಂಡೇ ಆಸ್ಪತ್ರೆಗೆ ಓಡಿ ಬಂದಳು. ಗಾಜಿನ ಬಾಗಿಲ ಆಚೆ ಹುಡುಗಿ ಮಲಗಿದ್ದಳು. ಮೂಗಿಗೊಂದು, ಕೈಗೆರಡು ನಳಿಕೆ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು: ಸಕ್ಕರೆ ಕಾಯಿಲೆ, ಮಕ್ಕಳಿಗೆ ಬರುವ ಜಾತಿಯದು. ಇನ್ನೊಂದು ದಿನ ತಡವಾಗಿದ್ದರೆ ಕೈ ಮೀರುತ್ತಿತ್ತು. ಇನ್ನು ಬದುಕಿರುವವರೆಗೂ ದಿನಾ ಇಂಜೆಕ್ಷನ್ನು.

"ಇದು ಒಂದು ದಿನದಲ್ಲಿ ಆಗಿದ್ದಲ್ಲ" ಎಂದರು ಡಾಕ್ಟರು. "ಆರೇಳು ವಾರದಿಂದ ತೂಕ ಇಳಿದಿರ್ಬೇಕು. ಮನೇಲಿ ಯಾರೂ ಗಮನಿಸಲಿಲ್ವಾ?"

"ಇಲ್ಲ ಸಾರ್" ಎಂದಳು ಗೆಳತಿ. "ನಾನು ಇರ್ತಿರ್ಲಿಲ್ಲ. ಡ್ಯೂಟಿ." ಆಮೇಲೆ ನನ್ನ ಕಡೆ ತಿರುಗಿದಳು. "ನಿಂಗೇನಾದ್ರೂ ಗೊತ್ತಾಗಿತ್ತೇನೇ?"

ನಾನು ತಲೆ ಅಡ್ಡ ಆಡಿಸಿದೆ. ನಾಚಿಕೆಗೆಟ್ಟ ತಲೆ, ಅಡ್ಡ ಆಡಿತು.

ಮೆಣಸು ಬದುಕಿದಳು. ಒಂಬತ್ತು ದಿನಕ್ಕೆ ಮನೆಗೆ ಬಂದಳು. ಊಟಕ್ಕೆ ಮುಂಚೆ ಬೆರಳು ಚುಚ್ಚಿ ರಕ್ತ ನೋಡಬೇಕು, ಹೊಟ್ಟೆಗೆ ಸೂಜಿ ಹಾಕಬೇಕು, ಆಮೇಲೆ ಅನ್ನ ಅಳೆದು ಬಡಿಸಬೇಕು. ಗೆಳತಿ ರಜೆ ಹಾಕಿದಳು. ಅವಳ ಕೈ ನಡುಗುತ್ತಿತ್ತು. ಸೂಜಿ ಹಿಡಿದು ಅಭ್ಯಾಸವಿದ್ದ ನಾನೇ ದಿನಾ ಚುಚ್ಚುತ್ತಿದ್ದೆ.

"ಚಿಕ್ಕಿ ಚುಚ್ಚಿದ್ರೆ ನೋಯಲ್ಲ" ಎಂದಳು ಹುಡುಗಿ.

"ಜೀವಮಾನವೆಲ್ಲ ಚುಚ್ಚೋ ಕೆಲ್ಸಾನೇ ಅಲ್ವಾ ಅವಳದ್ದು" ಎಂದು ಗೆಳತಿ ನಕ್ಕು, ತಟ್ಟನೆ ಅತ್ತುಬಿಟ್ಟಳು. ನನ್ನ ಕೈ ಹಿಡಿದು, "ನೀನಿಲ್ದಿದ್ರೆ ನಾನೇನು ಮಾಡ್ತಿದ್ದೆ ಹೇಳು" ಎಂದಳು.

ಆಗಲೇ ಹೇಳಿಬಿಡಬೇಕಿತ್ತು. ಎಂಟು ದಿನ ನಾಳೆ ನಾಳೆ ಎಂದು ದೂಡಿದೆ. ತಟ್ಟೆಯ ಅನ್ನ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಆ ಪುಟವನ್ನು ಹರಿದು ಒಲೆಗೆ ಹಾಕೋಣವೆಂದು ಒಮ್ಮೆ ಪುಸ್ತಕ ಕೈಗೆತ್ತಿಕೊಂಡಿದ್ದೆ ಕೂಡ. ಐದನೇ ವಯಸ್ಸಿನ ಅಳತೆಯೂ ಅದೇ ಪುಟದಲ್ಲಿತ್ತು, ಹರಿಯಲಾಗಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಇದ್ದೆ. ಮುಂದಿನ ಕೋಣೆಯಿಂದ ಗೆಳತಿಯ ಧ್ವನಿ ಬಂತು. "ಲೇ, ನಿನ್ನ ಪುಸ್ತಕದಲ್ಲಿ ಇವಳ ಹಳೇ ಅಳತೆ ಇರುತ್ತಲ್ಲ, ನೋಡ್ತೀನಿ. ಎಷ್ಟು ಇಳಿದಿದ್ದಾಳೆ ಅಂತ ಗೊತ್ತಾಗ್ಲಿ, ಡಾಕ್ಟ್ರಿಗೆ ಹೇಳೋಣ."

ನಾನು ಓಡಿದೆ. ಅಷ್ಟರಲ್ಲಿ ಅವಳ ಬೆರಳು ಪುಟದ ಮೇಲಿತ್ತು. ದಿನಕ್ಕೆ ಸಾವಿರ ಟಿಕೆಟ್ಟಿನ ಮೇಲೆ ಓಡಾಡುವ ಕಣ್ಣು, ಸಂಖ್ಯೆ ಓದಲು ಹೊತ್ತು ಬೇಕಾಗಲಿಲ್ಲ.

"ಇದೇನೇ ಇದು?"

ನಾನು ಪುಸ್ತಕಕ್ಕೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಇಪ್ಪತ್ನಾಲ್ಕು. ಇಪ್ಪತ್ತೆರಡೂವರೆ. ಇಪ್ಪತ್ತೊಂದು. ತಾರೀಖು ಹಾಕಿದ್ದೀಯ. ನಿಂದೇ ಅಕ್ಷರ."

"ಅವಳು ಹೇಳ್ಬೇಡ ಅಂದ್ಲು ಕಣೇ. ಓಟ ಮುಗೀಲಿ ಅಂತ..."

"ಅವಳಿಗೆ ಹದಿಮೂರು. ನಿನಗೆಷ್ಟು?"

"ಇಷ್ಟೆಲ್ಲ ಆಗುತ್ತೆ ಅಂತ ನಂಗೇನು ಗೊತ್ತಿತ್ತು?"

"ಡಾಕ್ಟ್ರು ಕೇಳಿದಾಗ ಗೊತ್ತಿತ್ತಲ್ಲ! ನಾನು ನಿನ್ನ ಮುಖ ನೋಡಿ ಕೇಳಿದ್ನಲ್ಲ! ಆಗ ಬಾಯಲ್ಲಿ ಪಿನ್ನು ಕಚ್ಕೊಂಡಿದ್ಯಾ?"

ಅತ್ತೆ ಒಳಗಿನಿಂದ ಬಂದು, "ಮೆಲ್ಲಗೆ ಕಣ್ರೇ, ಮಗು ಮಲಗಿದೆ" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

"ನಾನು ಅವಳ ಕೆಟ್ಟದ್ದು ಬಯಸ್ತೀನೇನೇ?" ಎಂದೆ. "ನಾನೂ ಅವಳಿಗೆ ತಾಯಿ ಥರಾನೇ ಅಲ್ವಾ?"

"ಅಲ್ಲ. ತಾಯಿ ಆಗಿದ್ರೆ ಅವತ್ತೇ ಬೈದು ಎಳ್ಕೊಂಡು ಡಾಕ್ಟ್ರ ಹತ್ರ ಹೋಗಿರ್ತಿದ್ದೆ. ಅವಳು ಮುನಿಸ್ಕೊಂಡ್ರೆ ಮುನಿಸ್ಕೊಳ್ಳಲಿ ಅಂತಿದ್ದೆ. ಬೈಯೋ ಕೆಲಸ ನಂಗೆ ಬಿಟ್ಟೆ. ಮುದ್ದು ಮಾತ್ರ ನೀನಿಟ್ಕೊಂಡೆ."

ಅದು ನಿಜ. ನಿಜವಾದದ್ದಕ್ಕೇ ನನಗೆ ಬೆಂಕಿ ಹತ್ತಿತು. "ನೀನು ತಾಯಿ ತಾನೇ? ಒಂದೇ ಚಾಪೆ ಮೇಲೆ ಮಲಗ್ತಿದ್ಯಲ್ಲ, ನೀನ್ಯಾಕೆ ನೋಡ್ಲಿಲ್ಲ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಎಂಟು ವರ್ಷದ ಮುತ್ತು ಅಲ್ಲಿ ಒಡೆಯಿತು. ಅವಳು ಕೂಗಾಡಲಿಲ್ಲ. ಪುಸ್ತಕ ಮುಚ್ಚಿ ಮಿಷನ್ನಿನ ಮೇಲೆ ಇಟ್ಟಳು.

"ಅದನ್ನ ನಾನು ದಿನಾ ಕೇಳ್ಕೊಳ್ತಿದ್ದೀನಿ" ಎಂದಳು. "ನೀನೂ ಕೇಳ್ತೀಯ ಅಂದ್ಕೊಂಡಿರ್ಲಿಲ್ಲ."

ಅಂದಿನಿಂದ ಇಂಜೆಕ್ಷನ್ನು ಅವಳೇ ಹಾಕಿದಳು. ನಡುಗುವ ಕೈಯಲ್ಲೇ ಕಲಿತಳು. ಊಟಕ್ಕೆ ಮುಂದೆ ಬನ್ನಿ ಎಂದು ಕೂಗುವವರಿಲ್ಲದೆ ನಾವು ಅವರವರ ತಟ್ಟೆ ಅವರವರು ತೆಗೆದುಕೊಂಡು ತಿಂದೆವು. ನಾನು ಎರಡು ಸಲ ತಪ್ಪಾಯಿತು ಎಂದೆ. "ಹೂಂ" ಎಂದಳು. ಮೂರನೇ ಸಲ ಹೇಳಲು ಹೋದಾಗ ಡಿಪೋ ಹತ್ತಿರ ರೂಮು ಸಿಕ್ಕಿದೆ ಎಂದಳು.

"ಜಗಳ ಇಲ್ಲದ ಮನೆ ಯಾವುದಿದೆ ತಾಯಿ?" ಎಂದು ಅತ್ತೆ ಅವಳ ಗಲ್ಲ ಹಿಡಿದರು. "ಇವಳು ಮಾಡಿದ್ದು ತಪ್ಪು. ನಾನೂ ಇವಳಿಗೆ ಉಗಿದಿದ್ದೀನಿ. ಆದ್ರೆ ಮಗೂನ ಕರ್ಕೊಂಡು ಎಲ್ಲಿಗೆ ಹೋಗ್ತೀಯ?"

"ಅಜ್ಜಿ, ನಿಮ್ಮ ಮೇಲೆ ನನಗೇನಿಲ್ಲ. ನೀವೊಬ್ರೇ ಸರಿಯಾಗಿ ಹೇಳಿದ್ದು. ನಾವು ನಕ್ಬಿಟ್ವಿ." ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ನಾನು ಡ್ಯೂಟಿಗೆ ಹೋದಾಗ ಮಗಳು ಯಾರ ಕೈಯಲ್ಲಿದ್ದಾಳೆ ಅಂತ ನಂಗೆ ನಂಬಿಕೆ ಬೇಕು. ಅದಿಲ್ದೆ ಹೇಗಿರ್ಲಿ ಈ ಮನೇಲಿ?"

ಅತ್ತೆ ಅವಳ ಗಲ್ಲದಿಂದ ಕೈ ತೆಗೆದರು.

ಹೊರಡುವ ದಿನ ಸಾಮಾನಿನ ಆಟೋ ಕೆಳಗೆ ನಿಂತಿತ್ತು. ಮೆಣಸು ಮಿಷನ್ನಿನ ಹತ್ತಿರ ಬಂದು ನಿಂತಳು.

"ಚಿಕ್ಕಿ, ನಾನು ಹೇಳ್ಬೇಡ ಅಂದಿದ್ದಕ್ಕೇ ಅಲ್ವಾ ಇದೆಲ್ಲ?"

"ಅಲ್ಲ ಕಣೇ. ಕೇಳಿಲ್ಲಿ, ನೀನು ಮಗು, ನೀನು ಹಾಗೇ ಅನ್ಬೇಕು. ನಾನು ದೊಡ್ಡವಳು, ನಾನು ಕೇಳ್ಬಾರ್ದಿತ್ತು. ತಪ್ಪು ನಂದು, ಪೂರ್ತಿ ನಂದೇ. ಮುಂದೆ ಯಾವತ್ತಾದ್ರೂ ನಿನಗೆ ಏನಾದ್ರೂ ಅನ್ನಿಸಿದ್ರೆ ಮೊದಲು ಅಮ್ಮಂಗೆ ಹೇಳು. ಅವಳು ಕೂಗಾಡ್ತಾಳೆ, ಕೂಗಾಡ್ಲಿ."

ಅವಳು ನನ್ನ ಹೊಟ್ಟೆಗೆ ಮುಖ ಒತ್ತಿಕೊಂಡಳು. ಬೆನ್ನ ಮೇಲೆ ಕೈ ಇಟ್ಟರೆ ಮೂಳೆ ಒಂದೊಂದೂ ಎಣಿಸಬಹುದಿತ್ತು. ಕೆಳಗಿನಿಂದ ಗೆಳತಿ ಹೆಸರು ಹಿಡಿದು ಕರೆದಳು, ಹುಡುಗಿ ಹೋದಳು.

ಆರು ವಾರ ಕಳೆಯಿತು. ಬಿಂದಿಗೆ ತುಂಬಿಸಿದರೆ ಎರಡು ದಿನ ಬರುತ್ತಿತ್ತು. ನನಗೆ ಅದನ್ನು ನೋಡಿದರೆ ಸಂಕಟ. ಅತ್ತೆ ನಾಲ್ಕು ತಟ್ಟೆ ಇಟ್ಟು, ಎರಡನ್ನು ಮತ್ತೆ ಎತ್ತಿಡುತ್ತಿದ್ದರು. ನಾನು ಎರಡು ಸಲ ಫೋನು ಮಾಡಿದೆ. "ಚೆನ್ನಾಗಿದ್ದಾಳೆ" ಎಂದಷ್ಟೇ ಹೇಳಿ ಇಟ್ಟಳು. ನನಗೆ ಬೇಕಿದ್ದುದು ಒಂದೇ. ಹುಡುಗಿ ಒಂದು ಸಲ ಬಂದು ನನ್ನ ಮುಂದೆ ಕೈ ಎತ್ತಿ ನಿಲ್ಲಬೇಕು, ನಾನು ಟೇಪು ಸುತ್ತಿ ಮೈ ತುಂಬಿಕೊಂಡಿದ್ದಾಳೆಯೇ ಎಂದು ನೋಡಬೇಕು. ಮೆಟ್ಟಿಲ ಮೇಲೆ ಸಪ್ಪಳವಾದಾಗೆಲ್ಲ ಮಿಷನ್ನು ನಿಲ್ಲಿಸುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಆ ಸಪ್ಪಳ ನಮ್ಮ ಬಾಗಿಲಲ್ಲೇ ನಿಂತಿತು. ಕಂಡಕ್ಟರು. ಒಬ್ಬಳೇ. ಕೈಯಲ್ಲಿ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಗಂಟು.

"ಬಾರೇ, ಒಳಗೆ ಬಾ."

ಅವಳು ಹೊಸ್ತಿಲ ಒಳಗೆ ಎರಡು ಹೆಜ್ಜೆ ಬಂದು ನಿಂತಳು. ಗಂಟು ಬಿಚ್ಚಿದಳು. ಅದೇ ನೀಲಿ ಸ್ಕರ್ಟು. ನನ್ನ ಒಂದು ಮಡಿಕೆಯನ್ನು ಯಾರೋ ಬ್ಲೇಡಿನಿಂದ ಬಿಚ್ಚಿ, ಕಪ್ಪು ದಾರದಲ್ಲಿ ಅಡ್ಡಾದಿಡ್ಡಿ ಹೊಲಿದಿದ್ದರು. ಶಾಲೆಯಲ್ಲಿ ಹೊಲಿಗೆ ಪಾಠದಲ್ಲಿ ಇವಳ ಕರ್ಚೀಫು ಯಾವಾಗಲೂ ನಾನೇ ಹೊಲಿದು ಕೊಡುತ್ತಿದ್ದೆ. ಹೊಲಿಗೆ ನೋಡಿದೊಡನೆ ಯಾರದೆಂದು ತಿಳಿಯಿತು.

"ನಾನೇ ಮಾಡೋಣ ಅಂತ ನೋಡ್ದೆ" ಎಂದಳು. "ಆಗ್ಲಿಲ್ಲ. ಬಿಗಿ ಆಗ್ತಿದೆ ಅವಳಿಗೆ. ಒಳಗೆ ಬಟ್ಟೆ ಎಷ್ಟಿದೆ?"

"ಎಲ್ಲಾ ಇದೆ. ಒಂದು ನೂಲೂ ಕತ್ತರಿಸಿಲ್ಲ." ನನ್ನ ಕೈ ಆಗಲೇ ಕತ್ತಿನ ಟೇಪಿನ ಮೇಲಿತ್ತು. "ಅವಳನ್ನ ಕರ್ಕೊಂಡು ಬಂದಿದ್ಯಾ? ಕೆಳಗಿದ್ದಾಳಾ? ಅಳತೆ..."

"ಅಳತೆ ತಂದಿದ್ದೀನಿ."

ಸೆರಗಿನ ಗಂಟಿನಿಂದ ಒಂದು ದಾರ ತೆಗೆದಳು. ಸಾಮಾನು ಕಟ್ಟುವ ಬಿಳಿ ದಾರ, ಎರಡು ತುದಿಯಲ್ಲೂ ಒಂದೊಂದು ಗಂಟು. ಮಗಳ ಸೊಂಟಕ್ಕೆ ತಾನೇ ಸುತ್ತಿ ತಂದಿದ್ದಳು. ಯಾರ ಅಳತೆಯನ್ನೂ ಮೈ ಮುಟ್ಟದೆ ತೆಗೆದವಳಲ್ಲ ನಾನು. ಅದು ಅವಳಿಗೂ ಗೊತ್ತು. ನಾನು ದಾರವನ್ನು ಮೇಜಿನ ಮೇಲೆ ಎಳೆದು ಹಿಡಿದು ಪಕ್ಕದಲ್ಲಿ ಟೇಪು ಇಟ್ಟೆ.

"ಇಪ್ಪತ್ತೈದು!" ಎಂದೆ. "ಇಪ್ಪತ್ತೈದು ಕಣೇ! ಮೊದಲಿನಷ್ಟೇ ಆಗಿದ್ದಾಳೆ!"

"ಹೂಂ" ಎಂದಳು. ತುಟಿ ಒಂದು ಗಳಿಗೆ ಅಲುಗಿತು. ಎಂಟು ವರ್ಷದಲ್ಲಿ ಇಂಥದ್ದಕ್ಕೆ ನಾವಿಬ್ಬರೂ ತಬ್ಬಿಕೊಂಡು ಕುಣಿಯುತ್ತಿದ್ದೆವು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

ನಾನು ಕಪ್ಪು ದಾರ ಬಿಚ್ಚಿದೆ. ನನ್ನ ಉಳಿದ ಎರಡು ಮಡಿಕೆಯನ್ನೂ ಬಿಚ್ಚಿದೆ. ಒಳಗಿನ ಬಟ್ಟೆ ಬಿಸಿಲು ಕಾಣದೆ ಕಡುನೀಲಿಯಾಗಿಯೇ ಉಳಿದಿತ್ತು. ಇಸ್ತ್ರಿ ಹಾಕಿ, ಪಟ್ಟಿ ಕೂಡಿಸಿ ಹೊಲಿದೆ. ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. ಅತ್ತೆ ಕೊಟ್ಟ ನೀರು ಕುಡಿದಳು. ಅರ್ಧ ಗಂಟೆಯ ಕೆಲಸ. ನಾನು ಮುಕ್ಕಾಲು ಗಂಟೆ ಮಾಡಿದೆ.

"ಓಡ್ತಾಳಾ?" ಎಂದು ಕೇಳಿದೆ.

"ಹೋದ ವಾರದಿಂದ. ಮೊದಲು ರಕ್ತ ನೋಡ್ಕೊಂಡು."

"ನನ್ನನ್ನ ಕೇಳ್ತಾಳಾ?"

ಅವಳು ಸ್ಕರ್ಟನ್ನು ಮಡಚಿ ಪೇಪರಿನಲ್ಲಿ ಸುತ್ತಿದಳು. "ದಿನಾ ಕೇಳ್ತಾಳೆ" ಎಂದಳು. "ನಂಗಿನ್ನೂ ಆಗ್ತಿಲ್ಲ ಕಣೇ. ಪ್ರಯತ್ನ ಮಾಡ್ದೆ. ಆಗ್ತಿಲ್ಲ."

ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ನಾನು ಅರ್ಧ ಎದ್ದೆ. ಅವಳು ಮೇಜಿನ ಕಡೆ ಕೈ ಚಾಚಿದಳು.

"ಆ ದಾರ ಕೊಡು. ಪ್ರತಿ ಭಾನುವಾರ ಅದರಲ್ಲೇ ನೋಡ್ತೀನಿ."

ಕೊಟ್ಟೆ. ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದಳು. ಸಪ್ಪಳ ಮುಗಿಯುವವರೆಗೂ ನಾನು ಮಿಷನ್ನಿನ ಮುಂದೆ ಕೂತಿದ್ದೆ. ಅವಳು ಬಿಟ್ಟುಹೋದದ್ದು ನಾನು ಬಿಚ್ಚಿದ ಕಪ್ಪು ದಾರದ ತುಂಡುಗಳನ್ನಷ್ಟೇ. ಅವನ್ನು ಗುಡಿಸಲು ಕೈ ಬರಲಿಲ್ಲ.

ಅತ್ತೆ ಲೋಟ ಎತ್ತಿಕೊಳ್ಳಲು ಬಂದವರು ನನ್ನ ಮುಖ ನೋಡಿದರು.

"ಇಳಿದೋಗಿದ್ದೀಯ ಕಣೇ" ಎಂದರು.

"ಹೌದು ಅತ್ತೆ" ಎಂದೆ.